ಫ್ಯಾನ್ ಮೋಟರಿನೊಳಗಿನ ಹಳದಿ ಧೂಳು

ಕಾರಿನೊಳಗೆ ಗಾಳಿ ಊದುವ ಫ್ಯಾನಿನ ಮೋಟರ್ ಬದಲಿಸುವುದು ಮೂರು ಸ್ಕ್ರೂಗಳ ಕೆಲಸ. ಎಡಗಡೆಯ ಸೀಟಿನ ಮುಂದೆ ಕಾಗದಪತ್ರ ಇಡುವ ಡಬ್ಬಿ ಇರುತ್ತದಲ್ಲ, ಅದರ ಕೆಳಗೆ ತಲೆ ತೂರಿಸಿ, ಕಾಲನ್ನು ಸೀಟಿನ ಮೇಲೆ ಚೆಲ್ಲಿ, ಕುತ್ತಿಗೆ ಮುರಿಯುವ ಹಾಗೆ ಮಲಗಿದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಇದು ದೊಡ್ಡ ವಿದ್ಯೆ ಎಂದು ಯಾರಾದರೂ ನಿಮಗೆ ಹೇಳಿದರೆ ಅವನು ಸುಳ್ಳುಗಾರ ಎಂದು ತಿಳಿಯಿರಿ. ಇಂಥ ಜುಜುಬಿ ಕೆಲಸದಲ್ಲಿ ನಾನು ಒಬ್ಬ ಮನುಷ್ಯನ ನೌಕರಿ ಕಳೆದೆ. ಈ ಕಸುಬಿಗೆ ಹೊಸದಾಗಿ ಬರುತ್ತಿರುವವರು ಓದಲಿ ಎಂದು ಅದನ್ನು ಬರೆಯುತ್ತಿದ್ದೇನೆ. ಯಾರೂ ನನ್ನನ್ನು ಹೊಗಳಬೇಕಾಗಿಲ್ಲ, ಹೊಗಳುವಂಥದ್ದು ಇದರಲ್ಲಿ ಏನೂ ಇಲ್ಲ.

ಜಮಖಂಡಿಯ ಒಂದೇ ಗ್ಯಾರೇಜಿನಲ್ಲಿ ಮೂವತ್ತು ವರ್ಷ ವೈರಿಂಗ್ ಮಿಸ್ತ್ರಿಯಾಗಿದ್ದೆ. ಮಿಸ್ತ್ರಿಯಾಗಿ ಸೇರಿ ಮಿಸ್ತ್ರಿಯಾಗಿಯೇ ಬಿಟ್ಟೆ, ಏರುವುದಕ್ಕೆ ಅಲ್ಲಿ ಮೆಟ್ಟಿಲೇ ಇರಲಿಲ್ಲ. ಈಗ ಕಣ್ಣು ಮಂಜಾಗಿ ಮನೆಯಲ್ಲಿದ್ದೇನೆ. ಇಂದಿನ ಮೆಕ್ಯಾನಿಕ್‌ಗಳು ಗಾಡಿಗೆ ಒಂದು ಯಂತ್ರ ಚುಚ್ಚುತ್ತಾರೆ, ಅದರ ಪರದೆಯ ಮೇಲೆ ಬಂದದ್ದನ್ನು ದೇವರ ಅಪ್ಪಣೆ ಎಂಬಂತೆ ಓದುತ್ತಾರೆ. ನೋಡಿ ನನಗೆ ನಗು ಬರುತ್ತದೆ. ನಮ್ಮ ಕಾಲದವರು ಅವರಿಗಿಂತ ಜಾಣರಾಗಿದ್ದರು ಎಂದಲ್ಲ. ನಾವು ಯಾವ ಯಂತ್ರದ ಸಹಾಯವೂ ಇಲ್ಲದೆ ಅಷ್ಟೇ ದಡ್ಡರಾಗಿದ್ದೆವು.

ಆ ಫ್ಯಾನಿಗೆ ನಮ್ಮ ಕಡೆ ಹೀಟರ್ ಫ್ಯಾನ್ ಎಂದೇ ಹೆಸರು. ಹೆಸರಿಟ್ಟವನು ಮೇ ತಿಂಗಳ ಮಧ್ಯಾಹ್ನ ಜಮಖಂಡಿಯ ಬಸ್ ನಿಲ್ದಾಣದಲ್ಲಿ ನಿಂತವನಲ್ಲ. ಬಿಸಿಗಾಳಿಯ ಗುಂಡಿ ತಿರುಗಿಸಿದ ಒಬ್ಬನೇ ಒಬ್ಬ ಗಿರಾಕಿಯನ್ನು ನನ್ನ ಜನ್ಮದಲ್ಲಿ ಕಂಡಿದ್ದೇನೆ. ಅವನೂ ತಪ್ಪಿ ತಿರುಗಿಸಿದ್ದ. ಎಂಜಿನ್ನಿಗೆ ಬೆಂಕಿ ಬಿದ್ದಿದೆ ಎಂದು ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು ಕಬ್ಬಿನ ಹೊಲಕ್ಕೆ ಓಡಿದ್ದ. ಆದರೆ ಬಿಸಿಗಾಳಿಗೂ, ಏಸಿಯ ತಂಪುಗಾಳಿಗೂ ಇರುವುದು ಅದೊಂದೇ ಫ್ಯಾನ್. ಮಳೆಗಾಲದಲ್ಲಿ ಮುಂದಿನ ಗಾಜಿಗೆ ಒಳಗಿನಿಂದ ಆವಿ ಕಟ್ಟಿದರೆ ಅದನ್ನು ಆರಿಸುವುದೂ ಅದೇ. ಅದು ನಿಂತರೆ ಬೇಸಿಗೆಯಲ್ಲಿ ಬೇಯಬೇಕು, ಮಳೆಯಲ್ಲಿ ಕುರುಡರ ಹಾಗೆ ಗಾಡಿ ಓಡಿಸಬೇಕು.

ಆಲಮಟ್ಟಿಯ ಹಿನ್ನೀರು ಏರಿ ಬೀಳಗಿ ಕಡೆಯ ಹೊಲಮನೆಗಳು ನೀರಿಗೆ ಹೋಗುತ್ತಿದ್ದ ವರ್ಷಗಳಲ್ಲಿ ಪುಣೆ, ಮುಂಬಯಿಯ ಹಳೆಯ ಕಾರುಗಳು ನಮ್ಮ ರಸ್ತೆಗೆ ಇಳಿದವು. ಅಲ್ಲಿಯ ಜನ ಓಡಿಸಿ ದಣಿದ ಗಾಡಿಗಳಿಗೆ ಇಲ್ಲಿಯ ಜನ ಕುಂಕುಮ ಹಚ್ಚಿ ಹೊಸ ಸಂಸಾರ ಹೂಡಿದರು. ಗಾಳಿ ಬರುವ ಕಿಂಡಿಗಳನ್ನು ನಮ್ಮವರು ಯಾವುದಕ್ಕೆ ಬಳಸಲಿಲ್ಲ ಕೇಳಿ! ಒಬ್ಬ ಅದರಲ್ಲಿ ಊದಿನಕಡ್ಡಿ ಸಿಕ್ಕಿಸುತ್ತಿದ್ದ, ಇನ್ನೊಬ್ಬ ತಂಬಾಕಿನ ಚೀಟಿ. ಮಹಾಲಿಂಗಪುರದ ಒಬ್ಬ ಬೆಲ್ಲದ ವ್ಯಾಪಾರಿ ಮಾದರಿ ತೋರಿಸುವ ಬೆಲ್ಲದ ತುಂಡುಗಳನ್ನು ಗಾಜಿನ ಬುಡದಲ್ಲೇ ಜೋಡಿಸಿ ತಿರುಗುತ್ತಿದ್ದ. ಏಪ್ರಿಲ್ ಬಿಸಿಲಿಗೆ ಬೆಲ್ಲ ಕರಗಿ ಕಿಂಡಿಯೊಳಗೆ ಇಳಿಯಿತು, ಅದರ ಹಿಂದೆ ಇರುವೆ ಇಳಿದವು. ಒಂದು ದಿನ ಫ್ಯಾನ್ ಹಾಕಿದಾಗ ಗಾಳಿಯ ಬದಲು ಇರುವೆಗಳೇ ಮುಖಕ್ಕೆ ಬಂದವು. ಗ್ಯಾರೇಜಿಗೆ ಬಂದು ಕೆನ್ನೆ ಕೆರೆದುಕೊಳ್ಳುತ್ತ ಆತ ಕೇಳಿದ್ದು ಒಂದೇ ಮಾತು: “ಕಂಪನಿಯವರು ಹಿಂಗ್ಯಾಕ ಮಾಡ್ಯಾರ್ರಿ?”

ನಮ್ಮ ಮಾಲಕ ರಾಮಚಂದ್ರಪ್ಪನೂ ಇಂಥ ಗಿರಾಕಿಗಳಿಗೆ ತಕ್ಕವನೇ. ಫ್ಯಾನ್ ನಿಂತಿದೆ ಎಂದು ಯಾರಾದರೂ ಬಂದರೆ ಆತ ಮೊದಲು ಸೀಟಿನ ಮುಂದಿನ ಆ ಡಬ್ಬಿಯ ಕೆಳಗೆ ಎರಡು ಗುದ್ದು ಕೊಡುತ್ತಿದ್ದ. ಮೋಟರಿನ ಒಳಗೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡುಗಳು ಸವೆದಿದ್ದರೆ ಗುದ್ದಿಗೆ ಒಂದಿಷ್ಟು ಜರುಗಿ ಫ್ಯಾನ್ ತಿರುಗುತ್ತದೆ, ಎರಡು ದಿನ ತಿರುಗಿ ಮತ್ತೆ ನಿಲ್ಲುತ್ತದೆ. ಆಗ ಆತ “ಮೋಟರ್ ಹೋಗೇತಿ, ಬದಲಿ ಮಾಡು” ಎನ್ನುತ್ತಿದ್ದ. ಯಾಕೆ ಹೋಯಿತು ಎಂದು ಕೇಳುವುದು ಅವನ ಗ್ಯಾರೇಜಿನಲ್ಲಿ ಸೋಮಾರಿತನ. ಬದಲಿಗೆ ಹಾಕುವ ಮೋಟರ್ ಬರುತ್ತಿದ್ದದ್ದು ಕೊಲ್ಲಾಪುರದ ಗುಜರಿಯಿಂದ. ಅದಕ್ಕೆ ಕರಿ ಬಣ್ಣ ಬಳಿದು ಆತ ಕಂಪನಿ ಮಾಲು ಎಂದು ಹೇಳುತ್ತಿದ್ದ. ನಾನು ಪಕ್ಕದಲ್ಲಿ ನಿಂತು ತಲೆ ಆಡಿಸುತ್ತಿದ್ದೆ.

ಸೇರಿದ ಹೊಸದರಲ್ಲಿ ಮುಧೋಳದ ಒಬ್ಬ ಮಾಸ್ತರರ ಕಾರಿಗೆ ನಾನೂ ಹೀಗೆಯೇ ಕಣ್ಣು ಮುಚ್ಚಿ ಮೋಟರ್ ಬದಲಿಸಿದೆ. ಮರುದಿನವೇ ಮಾಸ್ತರರು ತಿರುಗಿ ಬಂದರು, ಫ್ಯಾನ್ ಮತ್ತೆ ನಿಂತಿತ್ತು. ನೋಡಿದರೆ ಗಾಡಿಯ ಮೈಗೆ ಕೊಡುವ ಅರ್ಥ್ ವೈರು ಸಡಿಲವಾಗಿತ್ತು, ಹಳೆಯ ಮೋಟರ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಮಾಸ್ತರರು ಸಿಟ್ಟಾಗಲಿಲ್ಲ. “ಮಿಸ್ತ್ರಿ, ನೀವು ಪ್ರಶ್ನಿ ಓದಲಾರದೇ ಉತ್ತರ ಬರದೀರಿ” ಎಂದರು. ಸಿಟ್ಟಾಗಿದ್ದರೆ ಮರೆತುಬಿಡುತ್ತಿದ್ದೆ.

ಅಂದಿನಿಂದ ಒಂದು ಬಲ್ಬಿಗೆ ಎರಡು ವೈರು ಕಟ್ಟಿ ಜೇಬಿನಲ್ಲಿ ಇಟ್ಟುಕೊಂಡೆ. ಮೊದಲು ಫ್ಯೂಸ್ ನೋಡು. ಆಮೇಲೆ ಮೋಟರಿಗೆ ಹೋಗುವ ಪ್ಲಗ್ ಬಿಚ್ಚಿ ಬಲ್ಬ್ ಹಿಡಿ. ಬಲ್ಬ್ ಹತ್ತದಿದ್ದರೆ ಮೋಟರನ್ನು ಬೈಯಬೇಡ, ವೈರಿನ ಹಿಂದೆ ಹೋಗು. ಬಲ್ಬ್ ಹತ್ತಿ ಫ್ಯಾನ್ ತಿರುಗದಿದ್ದರೆ ಮೋಟರ್ ಕೆಟ್ಟಿದೆ. ಜೋರಿನಲ್ಲಿ ಮಾತ್ರ ತಿರುಗಿ ಸಣ್ಣದರಲ್ಲಿ ತಿರುಗದಿದ್ದರೆ ಕೆಟ್ಟಿರುವುದು ಗಾಳಿಯ ವೇಗ ಇಳಿಸುವ ರೆಸಿಸ್ಟರ್, ಅದು ಅಲ್ಲೇ ಪಕ್ಕದಲ್ಲಿರುತ್ತದೆ. ಮೋಟರ್ ಬಿಚ್ಚಿದ ಮೇಲೆ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ನೋಡು, ಮೂಸಿ ನೋಡು, ಒಳಗೆ ಏನು ಸೇರಿದೆ ಎಂದು ಬೆಳಕಿಗೆ ಹಿಡಿದು ನೋಡು. ಇಷ್ಟು ಪಾಠ ನನಗೆ ಬಾಯಿಪಾಠವಾಗಿತ್ತು. ಊರವರು ನನ್ನನ್ನು ಛಲೋ ಮಿಸ್ತ್ರಿ ಎನ್ನತೊಡಗಿದರು, ಅದನ್ನು ನಂಬಿದ ಮೊದಲ ಮೂರ್ಖ ನಾನೇ.

ಬನಹಟ್ಟಿಯ ಶಂಕ್ರೆಪ್ಪ ಸಾವಕಾರರು ಸೀರೆ ನೇಯುವ ಮಗ್ಗಗಳ ಮಾಲಕರು. ಮನೆಗೆ ಹೊಂದಿಕೊಂಡೇ ಪವರ್‌ಲೂಮಿನ ಶೆಡ್ಡು. ಅವರ ಬಿಳಿ ಕಾರು ನಡೆಸುತ್ತಿದ್ದವನು ಬೀರಪ್ಪ, ಗಲಗಲಿಯ ಕುರುಬರವನು, ಬೀರದೇವರ ಭಕ್ತ. ಗಾಡಿಯನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದ. ಗ್ಯಾರೇಜಿಗೆ ಬಂದರೆ ನಾನು ಕೈ ಒರೆಸಿಕೊಳ್ಳದೆ ಬಾಗಿಲು ಮುಟ್ಟಿದರೂ ಅವನ ಮುಖ ಸಣ್ಣದಾಗುತ್ತಿತ್ತು.

ಬೇಸಿಗೆಯಲ್ಲಿ ಆ ಕಾರಿನ ಫ್ಯಾನ್ ಮೋಟರ್ ಮೊದಲ ಸಲ ಸುಟ್ಟಿತು, ಬದಲಿಸಿದೆ. ಎರಡು ತಿಂಗಳಿಗೆ ಮತ್ತೆ ಸುಟ್ಟಿತು, ಮತ್ತೆ ಬದಲಿಸಿದೆ. ಮಾಲಕ ತಲೆಯ ಮೇಲೆ ನಿಂತು “ಲಗೂನ ಮುಗಸು” ಎನ್ನುತ್ತಿದ್ದ, ಬಿಚ್ಚಿದ ಮೋಟರುಗಳನ್ನು ನಾನು ಒಳಗೆ ನೋಡದೆ ಹಾಳಾದ ಸಾಮಾನು ಹಾಕುವ ಮೋಡ್ಕಾ ಪೆಟ್ಟಿಗೆಗೆ ಎಸೆದೆ. ಮೂರನೆಯ ಸಲ ಕೆಟ್ಟಾಗ ಮಳೆಗಾಲ. ಸಾವಕಾರರು ತಾಯಿಯನ್ನು ಕೂರಿಸಿಕೊಂಡು ವಿಜಾಪುರದಿಂದ ಬರುತ್ತಿದ್ದರು. ನಡುದಾರಿಯಲ್ಲಿ ಫ್ಯಾನ್ ನಿಂತು ಗಾಜಿಗೆ ಆವಿ ಕಟ್ಟಿತು. ಬೀರಪ್ಪ ಒಂದು ಕೈಯಲ್ಲಿ ಗಾಜು ಒರೆಸುತ್ತ ಓಡಿಸಿದ, ಎದುರಿನ ಎತ್ತಿನ ಗಾಡಿಗೆ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತು.

ಮರುದಿನ ಬೆಳಗ್ಗೆ ಸಾವಕಾರರು ಇಬ್ಬರು ಬೀಗರನ್ನು ಜೊತೆಗೆ ಕರೆದುಕೊಂಡೇ ಗ್ಯಾರೇಜಿಗೆ ಬಂದರು. ಚಹಾ ಅಂಗಡಿಯವನು, ಬೇರೆ ಗಿರಾಕಿಗಳು, ಬೀದಿಯಲ್ಲಿ ಹೋಗುತ್ತಿದ್ದವರು ಎಲ್ಲ ಸೇರಿದರು.

“ಒಂದ ವರ್ಷದಾಗ ಮೂರ ಮೋಟರ್! ರಾಮಚಂದ್ರಪ್ಪಾ, ನೀ ನಮಗ ಗುಜರಿ ಮಾಲ ಹಾಕಾಕತ್ತಿ ಏನ?”

ಮಾಲಕನ ಮುಖ ಬಿಳಿಚಿತು. “ಏ, ಎಲ್ಲೀದ್ರಿ ಸಾವಕಾರ್ರ! ಈರಣ್ಣಾ, ಬಿಚ್ಚಿ ತೋರಸ ಅವರಿಗೆ” ಎಂದ. ಈರಣ್ಣ ಎಂದರೆ ನಾನು.

ಬಿಚ್ಚಿದೆ. ಮೋಟರಿನ ಬಾಯಿಂದ ಒಂದು ಹಳದಿ ಗಟ್ಟಿ ಉದುರಿ ಅಂಗೈಗೆ ಬಿತ್ತು. ಬೆರಳಲ್ಲಿ ಒತ್ತಿದರೆ ಪುಡಿಪುಡಿಯಾಯಿತು. ತಲೆ ಎತ್ತಿದಾಗ ಸ್ಟೇರಿಂಗಿನ ಮುಂದೆ ಕಾಗದದಲ್ಲಿ ಸುತ್ತಿದ ಭಂಡಾರದ ಪೊಟ್ಟಣ ಕಂಡಿತು. ಬೀರದೇವರ ಗುಡಿಯ ಮುಂದೆ ಭಕ್ತರು ಮುಷ್ಟಿಗಟ್ಟಲೆ ಹಾರಿಸುವ ಅರಿಶಿನ ಪುಡಿಗೆ ಭಂಡಾರ ಎನ್ನುತ್ತಾರೆ. ಬೀರಪ್ಪನ ಹಣೆಯ ಮೇಲೂ ಅದೇ ಹಳದಿ. ನನಗೆ ಆಗ ಆದ ಖುಷಿಯನ್ನು ಮುಚ್ಚಿಡುವುದಿಲ್ಲ. ಗುಜರಿ ಮಾಲಿನ ಮಾತು ಅಲ್ಲಿಗೇ ಸಾಯುತ್ತದೆ, ನನ್ನ ಹೆಸರು ಉಳಿಯುತ್ತದೆ ಎಂದು ಎದೆ ಹಗುರಾಯಿತು.

“ಸಾವಕಾರ್ರ, ಮೋಟರಿನ ತಪ್ಪಲ್ಲ ಇದು. ಇಲ್ಲಿ ನೋಡ್ರಿ, ಭಂಡಾರ! ಡ್ರೈವರ್ ಗಾಡಿ ಮ್ಯಾಲ ಭಂಡಾರ ಹಾರಸ್ಯಾನ, ಗಾಜಿನ ಬುಡದಾಗಿಂದ ಒಳಗ ಹೋಗಿ ಮೋಟರ್ ಹಿಡದೈತಿ. ಕಂಪನಿ ಮಾಲ ಆದ್ರ ಏನ, ಹಿಂಗ ಮಾಡಿದ್ರ ಯಾವ ಮೋಟರ್ ಉಳೀತೈತಿ?”

ಬೀರಪ್ಪ ಮುಂದೆ ಬಂದ. “ಇಲ್ರಿ. ಗಾಡಿ ಮ್ಯಾಲ ನಾ ಯಾವತ್ತೂ ಹಾರಸಿಲ್ರಿ. ಸ್ಟೇರಿಂಗಿಗೆ ಒಂದ ಬೊಟ್ಟ ಇಡತೀನಿ, ಹಣಿಗೆ ಹಚ್ಚಿಕೊಳ್ತೀನಿ, ಅಷ್ಟ. ಹಾರಸೂದು ಗುಡಿ ಮುಂದ.”

“ಮತ್ತ ಇದೇನ? ಮೋಟರ್‌ನಾಗ ಅರಿಷಿಣದ ಗಿಡಾ ಹುಟ್ಟೇತೇನ?” ಎಂದು ಒಬ್ಬ ಬೀಗ ಕೇಳಿದ. ಸೇರಿದವರೆಲ್ಲ ನಕ್ಕರು. ನಾನೂ ನಕ್ಕೆ.

ಬೀರಪ್ಪ ನಗುವವರನ್ನು ನೋಡಲಿಲ್ಲ. ನನ್ನನ್ನೇ ನೋಡಿದ. “ಮಿಸ್ತ್ರಿಯವರ, ಇನ್ನೊಮ್ಮಿ ನೋಡಿ ಹೇಳ್ರಿ. ದೇವರ ಹೆಸರ ಬರತೈತಿ ಇದರಾಗ.”

“ನೋಡೇ ಹೇಳಾಕತ್ತೇನಿ” ಎಂದೆ.

“ಕೀಲಿ ಇಡು. ನಾಳಿಂದ ಬರಬ್ಯಾಡ” ಎಂದರು ಸಾವಕಾರರು. ನಿನ್ನೆಯ ಎತ್ತಿನ ಗಾಡಿಯ ಹೆದರಿಕೆ ಇನ್ನೂ ಅವರ ಮೈಯಲ್ಲಿತ್ತು. ಬೀರಪ್ಪ ಕೀಲಿಯನ್ನು ಬಾನೆಟ್ಟಿನ ಮೇಲೆ ಇಟ್ಟ, ಒಳಗಿನ ಪೊಟ್ಟಣ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ, ಬಸ್ ನಿಲ್ದಾಣದ ಕಡೆಗೆ ನಡೆದು ಹೋದ. ನಾನು ಮೂರನೆಯ ಗುಜರಿ ಮೋಟರ್ ಕೂರಿಸಿ, ಕೈಯನ್ನು ಅಂಗಿಗೆ ಒರೆಸಿಕೊಂಡು ಚಹಾ ಕುಡಿದೆ. ಮಾಲಕ ಅಂದು ನನ್ನ ಬೆನ್ನು ತಟ್ಟಿದ. ಇಷ್ಟು ವರ್ಷಗಳಲ್ಲಿ ಆತ ನನ್ನನ್ನು ಮೆಚ್ಚಿದ್ದು ಅದೊಂದೇ ದಿನ.

ಮರುದಿನ ಬೆಳಗ್ಗೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ನನ್ನ ಹೆಂಡತಿ ಕಸ್ತೂರಿ ಕೂಗಿದಳು. “ಅಂಗೀಗೆ ಇದೇನ ಹಚ್ಚಿಕೊಂಡ ಬಂದೀರಿ? ಹೋಗವಲ್ದು.”

“ಅರಿಷಿಣ ಅದು. ಬೀರದೇವರ ಭಂಡಾರ” ಎಂದು ದೊಡ್ಡಸ್ತಿಕೆಯಿಂದ ಕಥೆಯನ್ನೆಲ್ಲ ಹೇಳಿದೆ.

ಅವಳು ಒದ್ದೆ ಅಂಗಿಯನ್ನು ನನ್ನ ಮೂಗಿನ ಮುಂದೆ ಹಿಡಿದಳು. “ಅರಿಷಿಣಂತ ಅರಿಷಿಣ! ಎರಡ ಸಲ ಸಬಕಾರ ಹಚ್ಚೇನಿ, ಎಲ್ಲಿ ಕೆಂಪ ಆಗೇತಿ ತೋರಸ್ರಿ.”

ನನಗೆ ಅರ್ಥವಾಗಲಿಲ್ಲ. ಅವಳು ಅಡುಗೆಮನೆಯಿಂದ ಚಿಟಿಕೆ ಅರಿಶಿನ ತಂದು ಅದೇ ಅಂಗಿಯ ಇನ್ನೊಂದು ತೋಳಿಗೆ ತಿಕ್ಕಿ, ಮೇಲೆ ಸಬಕಾರ ಎಳೆದಳು. ತೋಳು ಕುಂಕುಮದ ಹಾಗೆ ಕೆಂಪಾಯಿತು. ಎದೆಯ ಮೇಲಿನ ಕಲೆ ಮಾತ್ರ ಹಳದಿಯಾಗಿಯೇ ಉಳಿಯಿತು. ಅರಿಶಿನ ಮುಟ್ಟಿದ ಬಟ್ಟೆಗೆ ಸಬಕಾರ ತಾಗಿದರೆ ಕೆಂಪಾಗುತ್ತದೆ ಎಂಬುದು ಈ ನಾಡಿನಲ್ಲಿ ಮದುವೆಯ ಬಟ್ಟೆ ಒಗೆದ ಯಾವ ಹೆಂಗಸಿಗೂ ಗೊತ್ತು. ಜೇಬಿನಲ್ಲಿ ಬಲ್ಬ್ ಇಟ್ಟುಕೊಂಡು ತಿರುಗುವ ಜಮಖಂಡಿಯ ಛಲೋ ಮಿಸ್ತ್ರಿಗೆ ಗೊತ್ತಿರಲಿಲ್ಲ.

“ಇದು ನೂಲಿನ ಬಣ್ಣ” ಎಂದಳು ಅವಳು. “ಪಾಪ, ಅವನ ನೌಕರಿ ತಗದ ಬಂದೀರಲ್ರಿ.”

ಗ್ಯಾರೇಜಿಗೆ ಹೋದವನೇ ಮೋಡ್ಕಾ ಪೆಟ್ಟಿಗೆ ಬುಡಮೇಲು ಮಾಡಿದೆ. ಬೇಸಿಗೆಯಲ್ಲಿ ಎಸೆದಿದ್ದ ಆ ಕಾರಿನ ಮೊದಲ ಮೋಟರ್ ಸಿಕ್ಕಿತು. ಬಿಚ್ಚಿದರೆ ಒಳಗೆ ಹಸಿರು ಧೂಳು. ಬೀರದೇವರ ಭಕ್ತರು ಹಸಿರು ಭಂಡಾರ ಹಾರಿಸಿದ್ದನ್ನು ಯಾರಾದರೂ ಕಂಡಿದ್ದಾರೆಯೇ? ಬಿಸಿಲಿಗೆ ಹಿಡಿದೆ, ಧೂಳಿನಲ್ಲಿ ಕೂದಲಿಗಿಂತ ಸಣ್ಣ ಎಳೆಗಳು ಹೊಳೆದವು. ಮೂಸಿದೆ, ನೂಲಿಗೆ ಹಾಕುವ ಗಂಜಿಯ ವಾಸನೆ. ನಿನ್ನೆ ಅಂಗೈಯಲ್ಲಿದ್ದ ಗಟ್ಟಿಯನ್ನು ಒಂದು ಸಲ ಮೂಗಿಗೆ ಹಿಡಿದಿದ್ದರೆ ಸಾಕಿತ್ತು. ಬೇರೆಯವರಿಗೆ ನಾನು ಹೇಳಿಕೊಡುತ್ತಿದ್ದ ಪಾಠವೇ ಅದು.

ಮಾಲಕನಿಗೆ ತೋರಿಸಿದೆ. ಆತ ನನ್ನ ಅಂಗೈಯ ಮೇಲಿದ್ದ ಹಸಿರು ಧೂಳನ್ನು ಊದಿ ಹಾರಿಸಿದ. “ಬಾಯಿ ಮುಚ್ಚಗೊಂಡ ಇರು. ಸಾವಕಾರ ಸಮಾಧಾನ ಆಗ್ಯಾನ, ಗಾಡಿ ಓಡಾಕತ್ತೈತಿ. ಕುರಿ ಕಾಯಾಂವಗ ಕುರಿ ಅದಾವ, ಉಪವಾಸ ಬೀಳೂದಿಲ್ಲ.” ಅವನನ್ನು ನಾನು ಮನಸ್ಸಿನಲ್ಲಿ ಬೇಕಾದಷ್ಟು ಬೈದೆ. ಬೈದು, ಅವನು ಹೇಳಿದ ಹಾಗೆಯೇ ಬಾಯಿ ಮುಚ್ಚಿಕೊಂಡು ಇದ್ದೆ. ಒಂದು ದಿನವಲ್ಲ, ಎರಡು ದಿನವಲ್ಲ, ಒಂದು ತಿಂಗಳು. ಕಸ್ತೂರಿ ಆ ಅಂಗಿಯನ್ನು ಮತ್ತೆ ಒಗೆಯಲು ಒಪ್ಪಲಿಲ್ಲ.

ಆಮೇಲೆ ಒಂದು ದಿನ ಗಲಗಲಿಯ ಜೀಪಿನವನೊಬ್ಬ ಹಾರ್ನ್ ರಿಪೇರಿಗೆ ಬಂದಿದ್ದ. ಬೀರಪ್ಪ ಹೇಗಿದ್ದಾನೆ ಎಂದು ಸುಮ್ಮನೆ ಕೇಳಿದೆ. “ಅವಗ ಯಾರ ಗಾಡಿ ಕೊಡತಾರ್ರಿ? ಭಂಡಾರ ಹಾರಿಸಿ ಸಾವಕಾರ್ರ ಗಾಡಿ ಕೆಡಿಸಿದಾಂವ ಅಂತ ಊರ ತುಂಬ ಆಗೇತಿ. ಗುಡ್ಯಾಗ ಹಿರೇರು ಸೈತ ಕೇಳಿದ್ರಂತ, ದೇವರ ಪ್ರಸಾದ ಹಂಗ ಎಲ್ಲಿ ಬೇಕಾದಲ್ಲಿ ಯಾಕ ಚೆಲ್ಲಿದಿ ಅಂತ. ಆವತ್ತಿಂದ ಅಂವ ಹಣಿಗೆ ಹಚ್ಚೂದ ಬಿಟ್ಟಾನ” ಎಂದ. ನೌಕರಿಯ ಜೊತೆಗೆ ಅವನ ದೇವರನ್ನೂ ನಾನು ಕಸಿದಿದ್ದೆ.

ಮರುದಿನ ಮಾಲಕನಿಗೆ ಮೈಗೆ ಹುಷಾರಿಲ್ಲ ಎಂದು ಹೇಳಿ ಗಲಗಲಿಯ ಬಸ್ಸು ಹತ್ತಿದೆ. ಬೀರಪ್ಪ ಊರ ಹೊರಗೆ, ಹೊಳೆಯ ದಂಡೆಯ ಒಂದು ಹೊಲದಲ್ಲಿ ಅಣ್ಣನ ಕುರಿಗಳಿಗೆ ಬಲೆಯ ಹಟ್ಟಿ ಬಿಗಿಯುತ್ತಿದ್ದ. ಹಣೆ ಬರಿದಾಗಿತ್ತು. ನನ್ನನ್ನು ನೋಡಿ ಕೈ ಮುಗಿದ. ಅದು ನನಗೆ ಇನ್ನಷ್ಟು ಚುಚ್ಚಿತು. ಹಸಿರು ಧೂಳು, ಹೆಂಡತಿಯ ಸಬಕಾರ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. “ನನ್ನ ತಪ್ಪಾತು ತಮ್ಮಾ. ನಿಂದೇನೂ ತಪ್ಪಿರಲಿಲ್ಲ” ಎಂದೆ.

ಅವನು ಗೂಟ ಬಡಿಯುವುದನ್ನು ನಿಲ್ಲಿಸಲಿಲ್ಲ. “ನಂದ ತಪ್ಪಿಲ್ಲಂತ ನನಗ ಗೊತ್ತಿತ್ರಿ. ನನಗ್ಯಾಕ ಹೇಳಾಕ ಬಂದೀರಿ?”

ಅವನು ಇನ್ನೊಂದು ಗೂಟ ಎತ್ತಿಕೊಂಡ.

“ಅವತ್ತ ಊರ ಮಂದಿ ಮುಂದ ನಿಂತ, ಮೋಟರ್ ಕೈಯಾಗ ಹಿಡದ ಹೇಳಿದ್ರಿ. ಇವತ್ತ ಕುರಿ ಮುಂದ ಹೇಳಾಕತ್ತೀರಿ. ಈ ಕುರಿ ಯಾರಿಗೆ ಹೇಳತಾವ್ರಿ?”

ಕಸುಬಿನಲ್ಲಿ ನನ್ನನ್ನು ಬೈದವರು ಬಹಳ ಮಂದಿ, ಇಷ್ಟು ಸರಿಯಾಗಿ ಬೈದವರು ಯಾರೂ ಇರಲಿಲ್ಲ. ಮುಂದಿನ ಬಸ್ಸಿಗೆ ತಿರುಗಿ ಬಂದೆ.

ಅಮಾವಾಸ್ಯೆಯ ದಿನ ಸಾವಕಾರರ ಶೆಡ್ಡಿನಲ್ಲಿ ಮಗ್ಗ ನಿಲ್ಲಿಸಿ ಪೂಜೆ ಮಾಡುತ್ತಾರೆ. ನೇಕಾರರು, ಬೀಗರು ಎಲ್ಲ ಅಲ್ಲಿ ಸೇರುತ್ತಾರೆ. ಆ ದಿನವನ್ನೇ ಕಾದು ಬನಹಟ್ಟಿಗೆ ಹೋದೆ. ಗ್ಯಾರೇಜಿನಲ್ಲಿ ಅಂದು ನಕ್ಕಿದ್ದ ಬೀಗರೂ ಇದ್ದರು. ಕೈಚೀಲದಲ್ಲಿ ಎರಡು ಮೋಟರ್, ಒಂದು ಬಿಳಿ ಅರಿವೆ, ಚಿಟಿಕೆ ಅರಿಶಿನ, ಒಂದು ತುಂಡು ಸಬಕಾರ. ಒಳಗೆ ಹೋಗುವ ಮೊದಲು ಕಾರು ನಿಲ್ಲಿಸುವ ಜಾಗ ನೋಡಿದೆ. ಶೆಡ್ಡಿನ ಧೂಳು ಹೊರಗೆ ತಳ್ಳುವ ದೊಡ್ಡ ಫ್ಯಾನ್ ಗೋಡೆಯಲ್ಲಿತ್ತು, ಅದರ ಬಾಯಿ ಇದ್ದದ್ದು ನೇರವಾಗಿ ಕಾರಿನ ಮೂತಿಗೆ. ಗಾಜಿನ ಬುಡದಲ್ಲಿ ನೂಲಿನ ಧೂಳು ಮೆತ್ತಗೆ ಹಾಸಿಕೊಂಡಿತ್ತು, ಈಗ ಅದು ಕೆಂಪು. ಶೆಡ್ಡಿನಲ್ಲಿ ಇಣುಕಿದರೆ ಮಗ್ಗದ ಮೇಲೆ ಕೆಂಪು ಸೀರೆ. ಯಾವ ಬಣ್ಣದ ಸೀರೆ ನೇಯುತ್ತಾರೋ ಆ ಬಣ್ಣದ ಧೂಳು ಕಾರಿನ ಹೊಟ್ಟೆಗೆ. ಬೀರಪ್ಪ ದಿನವೂ ಬೆಳಗ್ಗೆ ಮೇಲಿನ ಧೂಳು ಒರೆಸುತ್ತಿದ್ದ. ಒಳಗೆ ಇಳಿದದ್ದನ್ನು ನೋಡಬೇಕಾದವನು ನಾನು.

ಪೂಜೆ ಮುಗಿಯುವುದನ್ನೇ ಕಾದು ಎಲ್ಲರ ಮುಂದೆ ನಿಂತೆ. “ಸಾವಕಾರ್ರ, ಆವತ್ತ ನಾ ಹೇಳಿದ್ದ ಸುಳ್ಳ ಆಗೇತ್ರಿ. ಬೀರಪ್ಪ ಭಂಡಾರ ಹಾರಸಿದ್ದಿಲ್ಲ” ಎಂದೆ. ಅರಿವೆಯ ಒಂದು ತುದಿಗೆ ಅರಿಶಿನ, ಇನ್ನೊಂದು ತುದಿಗೆ ಮೋಟರಿನ ಹಳದಿ ಧೂಳು ತಿಕ್ಕಿ, ಎರಡಕ್ಕೂ ಸಬಕಾರ ಹಚ್ಚಿ ನೀರು ಬಿಟ್ಟೆ. ಒಂದು ಕೆಂಪಾಯಿತು, ಒಂದು ಆಗಲಿಲ್ಲ. ಹಸಿರು ಧೂಳಿನ ಮೋಟರನ್ನೂ ತೋರಿಸಿದೆ. ಗೋಡೆಯ ಫ್ಯಾನಿನ ಕಡೆ ಬೆರಳು ಮಾಡಿದೆ.

ಸಾವಕಾರರ ಮುಖ ಗಂಟಿಕ್ಕಿತು. “ಅಂದ್ರ ತಪ್ಪ ನಮ್ದು ಅಂತೀಯೇನ? ಪೂಜಿ ದಿನ ನನ್ನ ಮನಿಗೆ ಬಂದು?”

ಬೀಗರು ನೆಲ ನೋಡಿದರು. ಬಾಗಿಲ ಬಳಿ ಕುರ್ಚಿಯ ಮೇಲೆ ಕುಳಿತಿದ್ದ ಸಾವಕಾರರ ತಾಯಿ ಗಂಗವ್ವ ಕೈ ಚಾಚಿ ಅರಿವೆ ಇಸಿದುಕೊಂಡಳು. ಎರಡೂ ತುದಿ ಹಿಡಿದು ನೋಡಿದಳು. ಮಗನನ್ನು ನೋಡಿದಳು, ಬೀಗರನ್ನು ನೋಡಿದಳು, ಕೊನೆಗೆ ನನ್ನನ್ನು.

“ಇಷ್ಟ ಮಂದಿ ಮೀಸಿ ಹೊತಗೊಂಡ ನಿಂತೀರಿ, ಅರಿಷಿಣ ಯಾವ್ದು, ನೂಲ ಯಾವ್ದು ಅಂತ ಒಬ್ಬಗೂ ತಿಳೀಲಿಲ್ಲ? ಹುಟ್ಟಿದಾಗಿಂದ ನೂಲಿನ್ಯಾಗ ಹೊರಳ್ಯಾಡೀರಿ! ಮನ್ಯಾಗ ನನ್ನ ಒಂದ ಮಾತ ಕೇಳಿದ್ರ ಹೇಳತಿದ್ನಿ. ಶಂಕ್ರೂ, ಕರಸ ಆ ಹುಡುಗನ್ನ. ಅವತ್ತ ಮಳ್ಯಾಗ ನಮ್ಮನ್ನ ಜೀವಂತ ಮನಿ ಮುಟ್ಟಿಸಿದಾಂವ ಅಂವ.”

ಸಾವಕಾರರು “ನಾ ಎಲ್ಲಿ ಬಿಡಸಿದ್ನಿ? ಅವನೇ ಸಿಟ್ಟ ಮಾಡಿಕೊಂಡ ಹೋದಾಂವ” ಎಂದರು. ಅಲ್ಲಿದ್ದ ಎಲ್ಲರೂ ಹೌದು ಹೌದು ಎಂದರು. ದೊಡ್ಡವರ ತಪ್ಪು ಹೀಗೆಯೇ ತಿದ್ದಿಕೊಳ್ಳುತ್ತದೆ. ಅಂದೇ ಗಲಗಲಿಗೆ ಆಳು ಹೋಯಿತು. ಧೂಳು ತಳ್ಳುವ ಫ್ಯಾನಿನ ಬಾಯಿ ಬೇರೆ ಕಡೆಗೆ ತಿರುಗಿತು.

ಸುದ್ದಿ ನನಗಿಂತ ಮೊದಲೇ ಜಮಖಂಡಿ ಮುಟ್ಟಿತ್ತು. “ಗಿರಾಕಿ ಮನಿಗೆ ಹೋಗಿ ಗಿರಾಕಿ ತಪ್ಪ ಹೇಳಿ ಬಂದಿ? ಶಾಣ್ಯಾ!” ಎಂದು ಮಾಲಕ ಒಂದು ವಾರ ನನ್ನನ್ನು ಟ್ರ್ಯಾಕ್ಟರಿನ ಬ್ಯಾಟ್ರಿ ತೊಳೆಯಲು ಹಾಕಿದ. ತೊಳೆದೆ. ಆಸಿಡ್ಡಿಗೆ ಅಂಗಿ ತೂತಾಯಿತು, ಆದರೂ ಆ ವಾರ ನನಗೆ ನಿದ್ದೆ ಚೆನ್ನಾಗಿ ಬಂತು. ಬೀರಪ್ಪ ಮತ್ತೆ ಸಾವಕಾರರ ಕಾರು ನಡೆಸತೊಡಗಿದ್ದಾನೆ, ಹಣೆಗೆ ಭಂಡಾರ ಹಚ್ಚುತ್ತಿದ್ದಾನೆ ಎಂದು ಕೇಳಿ ಕಸ್ತೂರಿಗೆ ಹೇಳಿದೆ. ನನ್ನ ಲೆಕ್ಕದಲ್ಲಿ ಕಥೆ ಅಲ್ಲಿಗೆ ಮುಗಿದಿತ್ತು. ಒಳ್ಳೆಯ ಮನುಷ್ಯ ಎಂದು ನನ್ನ ಬಗ್ಗೆ ನಾನೇ ಸ್ವಲ್ಪ ಹೆಮ್ಮೆಪಟ್ಟುಕೊಂಡೂ ಇದ್ದೆ.

ಆದರೆ ಆ ಕಾರು ನಮ್ಮ ಗ್ಯಾರೇಜಿಗೆ ಬರಲಿಲ್ಲ. ಸಾವಕಾರರ ಸಿಟ್ಟು ಇಳಿದಿಲ್ಲ ಎಂದುಕೊಂಡೆ. ಒಂದು ವರ್ಷದ ಮೇಲೆ ಸಾಮಾನು ತರಲು ಮಹಾಲಿಂಗಪುರಕ್ಕೆ ಹೋದಾಗ, ಅಲ್ಲಿಯ ಒಂದು ಗ್ಯಾರೇಜಿನಲ್ಲಿ ಆ ಬಿಳಿ ಕಾರು ನಿಂತಿತ್ತು. ಅದರ ಎಡಗಡೆಯ ಬಾಗಿಲಿಂದ ಯಾರದೋ ಎರಡು ಕಾಲು ಹೊರಗೆ ಚಾಚಿದ್ದವು. ಫ್ಯಾನ್ ಮೋಟರಿನ ಕೆಲಸವೇ. ಬೀರಪ್ಪ ಪಕ್ಕದಲ್ಲಿ ನಿಂತಿದ್ದ. ನನ್ನನ್ನು ಕಂಡು ಓಡಿ ಬಂದು ಕೈ ಮುಗಿದ, ಬೇಡವೆಂದರೂ ಕೇಳದೆ ಚಹಾ ತರಿಸಿದ, ಮನೆಯವರ ಆರೋಗ್ಯ ಕೇಳಿದ.

ಚಹಾ ಕುಡಿದ ಮೇಲೆ ತಡೆಯಲಾರದೆ ಕೇಳಿಯೇ ಬಿಟ್ಟೆ. “ಇಲ್ಲಿಗ್ಯಾಕ ತಂದಿ ತಮ್ಮಾ? ಸಾವಕಾರ್ರ ನಮ್ಮ ಕಡೆ ಬ್ಯಾಡ ಅಂದಾರೇನ?”

“ಇಲ್ರಿ. ಅವರು ಜಮಖಂಡಿಗೇ ಒಯ್ಯಿ ಅಂತಾರ. ನಾನ ಇಲ್ಲಿ ತರತೀನಿ.”

“ಯಾಕ? ಇಂವ ನನಗಿಂತ ಛಲೋ ಮಾಡತಾನೇನ?”

“ನಿಮ್ಮ ಕೈ ಯಾರಿಗೂ ಬರೂದಿಲ್ರಿ” ಎಂದ. ಮುಖದಲ್ಲಿ ಸಿಟ್ಟು ಇರಲಿಲ್ಲ, ಸಿಟ್ಟಿದ್ದರೆ ನಾನು ಬಚಾವಾಗುತ್ತಿದ್ದೆ. ಅವನು ಖಾಲಿ ಕಪ್ಪನ್ನು ನನ್ನ ಕೈಯಿಂದ ತೆಗೆದುಕೊಂಡ. “ಆದ್ರ ನೀವು ಮೋಟರ್ ಬಿಚ್ಚಿ ತಲಿ ಎತ್ತಿ ನೋಡತೀರಲ್ರಿ, ಆವಾಗ ನನಗ ಕೈಕಾಲ ನಡಗತಾವ. ಏನ ಹೇಳತೀರೋ ಅಂತ.”

ಮೂವತ್ತು ವರ್ಷದಲ್ಲಿ ನನ್ನ ಕೆಲಸವನ್ನು ಬೈದವರು ಇದ್ದಾರೆ, ನನ್ನನ್ನು ಮೋಸಗಾರ ಎಂದವರು ಇದ್ದಾರೆ, ಒಬ್ಬ ನನ್ನ ಮೇಲೆ ನಟ್ಟು ಬಿಚ್ಚುವ ಪಾನಾ ಎಸೆದದ್ದೂ ಉಂಟು. ನನ್ನನ್ನು ಕಂಡು ಹೆದರಿದವನು ಇವನೊಬ್ಬನೇ.